ಗಾಳಿಗೆ ಅಂಜುವ ಆಟ

ಇಂಗ್ಲೆಂಡಿನ ಗ್ಲಾಸ್ಟರ್‌ಶೈರ್ ಸೀಮೆಯಲ್ಲಿ ಬ್ಯೂಫೋರ್ಟ್ ಡ್ಯೂಕರ ಮನೆತನದ್ದೊಂದು ಅರಮನೆಯಂಥ ಬಂಗಲೆ ಇದೆ. ಹೆಸರು ಬ್ಯಾಡ್ಮಿಂಟನ್ ಹೌಸ್. ಅಲ್ಲಿ ಜೋಪಾನವಾಗಿ ಇಟ್ಟುಕೊಂಡಿರುವ ಹಳೆಯ ಬ್ಯಾಟೊಂದರ ಮೇಲೆ ಒಂದು ಬರಹ ಉಂಟು. 1830ರ ಜನವರಿಯ ಒಂದು ದಿನ, ಮನೆಯ ಹೆಣ್ಣುಮಗಳ ಜೊತೆ ಆಡುತ್ತಾ ಶಟಲ್ಲನ್ನು ನೆಲಕ್ಕೆ ಬೀಳಿಸದೆ 2117 ಸಲ ಹೊಡೆದ ಲೆಕ್ಕ ಅದು.

ಯಾರು ಗೆದ್ದರು, ಯಾರು ಸೋತರು ಅನ್ನುವ ಮಾತೇ ಅಲ್ಲಿಲ್ಲ. ಬ್ಯಾಟಲ್‌ಡೋರ್ ಅಂಡ್ ಶಟಲ್‌ಕಾಕ್ ಎಂದು ಕರೆಯುತ್ತಿದ್ದ ಆ ಆಟದಲ್ಲಿ ನೆಟ್ಟೂ ಇರಲಿಲ್ಲ, ಗೆರೆಯೂ ಇರಲಿಲ್ಲ. ಎದುರಿಗೆ ನಿಂತವರು ಎದುರಾಳಿಯಲ್ಲ, ಜೊತೆಗಾರರು. ಇಬ್ಬರೂ ಸೇರಿ ಎಷ್ಟು ಹೊತ್ತು ಅದನ್ನು ಗಾಳಿಯಲ್ಲಿ ಇಟ್ಟಿರಬಲ್ಲರು ಎನ್ನುವುದೇ ಪಣ. ಈ ಬಗೆಯ ಆಟ ಇಂಗ್ಲೆಂಡಿನವರದೊಂದೇ ಸ್ವತ್ತೂ ಅಲ್ಲ. ಚೀನಾದಲ್ಲಿ ಪುಕ್ಕದ ಬಿಲ್ಲೆಯನ್ನು ಕಾಲಲ್ಲಿ ಒದ್ದು ಆಡುತ್ತಿದ್ದರು, ಈಗಲೂ ಪಾರ್ಕುಗಳಲ್ಲಿ ಆಡುತ್ತಾರೆ. ಜಪಾನಿನಲ್ಲಿ ಹೊಸವರ್ಷಕ್ಕೆ ಹೆಣ್ಣುಮಕ್ಕಳು ಚಿತ್ರ ಬರೆದ ಮರದ ಹಲಗೆ ಹಿಡಿದು ಆಡುವ ಹಾನೆತ್ಸುಕಿ ಇದೆ. ಫ್ರೆಂಚ್ ಕಲಾವಿದ ಶಾರ್ದಾಂ 1737ರಲ್ಲಿ ಬರೆದ ಒಂದು ಚಿತ್ರದಲ್ಲಿ ಪುಟ್ಟ ಹುಡುಗಿಯೊಬ್ಬಳು ಒಂದು ಕೈಯಲ್ಲಿ ಬ್ಯಾಟು, ಇನ್ನೊಂದು ಕೈಯಲ್ಲಿ ಶಟಲ್ ಹಿಡಿದು ನಿಂತಿದ್ದಾಳೆ. ಆಡುತ್ತಿಲ್ಲ, ಯಾರಾದರೂ ಬರಲಿ ಎಂದು ಕಾಯುತ್ತಿರುವಂತಿದೆ. ಒಬ್ಬರೇ ಆಡಿದರೆ ಮಜ ಬರದ ಆಟ ಅದು.

ಆದರೆ ಆ 2117ರ ಒಳಗೆ ಇನ್ನೊಂದು ಸಂಗತಿ ಇದೆ. ಅಷ್ಟು ಹೊಡೆತ ಬೀಳದೆ ನಡೆಯಬೇಕಾದರೆ ಅಲ್ಲಿ ಗಾಳಿ ಇರಲು ಸಾಧ್ಯವೇ ಇಲ್ಲ. ಜನವರಿಯ ಚಳಿಯಲ್ಲಿ, ಬಾಗಿಲು ಕಿಟಕಿ ಮುಚ್ಚಿದ ದೊಡ್ಡ ಹಜಾರದ ಆಟ ಅದು. ಮನೆಯ ಮುಂದಿನ ರಸ್ತೆಯಲ್ಲೋ ತಾರಸಿ ಮೇಲೋ ಶಟಲ್ ಆಡಿದ ಯಾರನ್ನು ಬೇಕಾದರೂ ಕೇಳಿ. ಆಷಾಢದಲ್ಲಂತೂ ಬ್ಯಾಟು ಮುಟ್ಟುವುದೇ ದಂಡ. ನಾವು ಹುಡುಗರಾಗಿದ್ದಾಗ ಬೆಳಕು ಹರಿಯುವ ಮುಂಚೆ ಎದ್ದು ಆಡುತ್ತಿದ್ದುದು ಶಿಸ್ತಿನಿಂದಲ್ಲ, ಬಿಸಿಲೇರಿದರೆ ಗಾಳಿ ಏಳುತ್ತದೆ ಎಂಬ ಭಯಕ್ಕೆ. ‘ಗಾಳಿ ಕಡೆ’ಗೆ ನಿಂತವನಿಗೆ ಎರಡು ಪಾಯಿಂಟ್ ಮುಂಗಡ ಕೊಡುವ ಒಪ್ಪಂದ ನಮ್ಮ ಬೀದಿಯಲ್ಲಿತ್ತು. ಬ್ಯಾಡ್ಮಿಂಟನ್ ಆಟದ ಚರಿತ್ರೆ ಓದುತ್ತಾ ಹೋದಂತೆ ನನಗೆ ಅನ್ನಿಸಿದ್ದು ಇಷ್ಟು: ಡ್ಯೂಕರು, ಕರ್ನಲ್‌ಗಳು, ಸಂಸ್ಥೆಗಳು ಎಲ್ಲ ಸರಿ, ಆದರೆ ಈ ಆಟವನ್ನು ತಿದ್ದಿ ತೀಡಿದ್ದು ಗಾಳಿ. ಗಾಳಿ ತಪ್ಪಿಸಿಕೊಳ್ಳಲು ಅದು ಯಾವ್ಯಾವ ಸೂರಿನ ಕೆಳಗೆ ಹೊಕ್ಕಿತೋ ಆ ಸೂರುಗಳ ಕತೆಯೇ ಅದರ ಕತೆ.

ಶಟಲ್ಲನ್ನೇ ಒಮ್ಮೆ ಕೈಯಲ್ಲಿ ಹಿಡಿದು ನೋಡಿ. ಹದಿನಾರು ಗರಿ. ಒಳ್ಳೆಯದಾದರೆ ಹೆಬ್ಬಾತಿನವು, ಅಗ್ಗದ್ದಾದರೆ ಬಾತುಕೋಳಿಯವು. ಹದಿನಾರೂ ಒಂದೇ ಬದಿಯ ರೆಕ್ಕೆಯವಾಗಿರಬೇಕು, ಸಾಮಾನ್ಯವಾಗಿ ಎಡರೆಕ್ಕೆ. ಎಡದ್ದು ಬಲದ್ದು ಬೆರೆತರೆ ಗರಿಗಳ ಬಾಗು ಒಂದಕ್ಕೊಂದು ಹೊಂದುವುದಿಲ್ಲ, ಹಾರುವಾಗ ಓಲಾಡುತ್ತದೆ. ಪ್ರತಿ ಗರಿಯೂ ಪಕ್ಕದ ಗರಿಯ ಅಂಚನ್ನು ಚೂರು ಹೊದ್ದಿರುವುದರಿಂದ ಹಾರುವ ಶಟಲ್ ತನ್ನ ಸುತ್ತ ತಾನೇ ತಿರುಗುತ್ತದೆ. ಬುಡದಲ್ಲಿ ಕಾರ್ಕು, ಅದರ ಮೇಲೆ ತೆಳು ಚರ್ಮ, ಗರಿಗಳ ಕಡ್ಡಿಗೆ ಎರಡು ಸುತ್ತು ದಾರ, ಅಂಟು. ಎಲ್ಲ ಸೇರಿ ತೂಕ 4.74ರಿಂದ 5.50 ಗ್ರಾಂ. ತೂಕವೆಲ್ಲ ಕಾರ್ಕಿನಲ್ಲಿ, ಮೈಯೆಲ್ಲ ಗರಿಯಲ್ಲಿ. ಹಾಗಾಗಿ ಎತ್ತ ಹೊಡೆದರೂ ಕ್ಷಣದಲ್ಲಿ ಕಾರ್ಕು ಮುಂದಾಗುವಂತೆ ಹೊರಳಿಕೊಳ್ಳುತ್ತದೆ. ಬ್ಯಾಟು ಬಿಟ್ಟಾಗ ಗುಂಡಿನಂತೆ ಹೊರಟದ್ದು ಅರ್ಧ ದಾರಿಯಲ್ಲೇ ಉಸಿರು ಕಳೆದುಕೊಂಡು ಇಳಿಯತೊಡಗುತ್ತದೆ. ನಮ್ಮ ಸಾತ್ವಿಕ್‌ಸಾಯಿರಾಜ್ ರಂಕಿರೆಡ್ಡಿ 2023ರಲ್ಲಿ ಜಪಾನಿನ ಯೋನೆಕ್ಸ್ ಕಾರ್ಖಾನೆಯಲ್ಲಿ ಹೊಡೆದ ಸ್ಮ್ಯಾಶ್ ಗಂಟೆಗೆ 565 ಕಿಲೋಮೀಟರ್ ವೇಗ ದಾಖಲಿಸಿತು. ಅದೇ ಹೊಡೆತವನ್ನು ಜೋರು ಎದುರುಗಾಳಿಯಲ್ಲಿ ಹೊಡೆದಿದ್ದರೆ ಶಟಲ್ ಎಲ್ಲಿ ಬೀಳುತ್ತಿತ್ತೋ ಅವರಿಗೂ ಹೇಳಲಾಗುತ್ತಿರಲಿಲ್ಲ.

ನಾನು ಆಡಲು ಹೋಗುವ ಕಡೆ ಬ್ಯಾಂಕಿನಿಂದ ನಿವೃತ್ತರಾದ ಹಿರಿಯರೊಬ್ಬರು ಇದ್ದಾರೆ. ಗರಿ ಶಟಲ್ಲಿನ ಬ್ಯಾರೆಲ್ ತಂದರೆ ನೇರ ಆಟಕ್ಕಿಳಿಸುವುದಿಲ್ಲ. ಹಿಂದಿನ ರಾತ್ರಿಯೇ ಡಬ್ಬದ ಎರಡೂ ಮುಚ್ಚಳ ತೆಗೆದು, ಇಡ್ಲಿ ಪಾತ್ರೆಯ ಹಬೆಗೆ ಕೆಲವು ಸೆಕೆಂಡು ಹಿಡಿದು, ಮುಚ್ಚಿಟ್ಟು ತರುತ್ತಾರೆ. ಒಣಗಿದ ಗರಿ ಪಟಪಟನೆ ಮುರಿಯುತ್ತದೆ, ತೇವ ಹಿಡಿದದ್ದು ಬಾಳುತ್ತದೆ. ಬೆಳಿಗ್ಗೆ ಕೋರ್ಟಿನಲ್ಲಿ ಹಿಂದಿನ ಗೆರೆಯ ಮೇಲೆ ನಿಂತು ಕೆಳಗಿನಿಂದ ಪೂರ್ತಿ ಬೀಸಿ ಒಂದು ಹೊಡೆತ ಹೊಡೆಯುತ್ತಾರೆ. ನಿಯಮದ ಪ್ರಕಾರ ಆ ಶಟಲ್ ಎದುರಿನ ಹಿಂಗೆರೆಗೆ 53ರಿಂದ 99 ಸೆಂಟಿಮೀಟರ್ ಮೊದಲೇ ಬೀಳಬೇಕು. ‘ಓಡ್ತಾ ಇದೆ ಕಣ್ರೀ ಇದು’ ಎಂದು ಗರಿಗಳ ತುದಿಯನ್ನು ಒಂದು ಬಿಟ್ಟು ಒಂದರಂತೆ ಹೊರಕ್ಕೆ ಮಡಚುತ್ತಾರೆ. ಆಗ ಗಾಳಿ ಹೆಚ್ಚು ತಡೆಯುತ್ತದೆ, ಶಟಲ್ ನಿಧಾನವಾಗುತ್ತದೆ. ಟೂರ್ನಿಯಲ್ಲಿ ಹೀಗೆ ಮಾಡುವ ಹಾಗಿಲ್ಲ, ನಮ್ಮದೇನು ಟೂರ್ನಿಯೇ? ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್‌ಗಿಂತ ಎತ್ತರದಲ್ಲಿದೆ, ಗಾಳಿ ತೆಳು. ಮಂಗಳೂರಿನಲ್ಲಿ ಸರಿಯಾಗಿ ಗೆರೆಯೊಳಗೆ ಬೀಳುವ ಶಟಲ್ ಇಲ್ಲಿ ಗೆರೆ ದಾಟುತ್ತದೆ. ಅದಕ್ಕೇ ಡಬ್ಬದ ಮೇಲೆ ವೇಗದ ನಂಬರ್ ಹಾಕಿರುತ್ತಾರೆ, ಊರು ನೋಡಿ, ಹವೆ ನೋಡಿ ಕೊಳ್ಳಬೇಕು. ನಿಂತ ಗಾಳಿಯೇ ಇಷ್ಟು ಆಡಿಸುವಾಗ ಬೀಸುವ ಗಾಳಿಯ ಮಾತೇನು.

ಈಗ ಹುಟ್ಟಿನ ಕತೆಗೆ ಬರೋಣ. ಎಲ್ಲರಿಗೂ ಗೊತ್ತಿರುವ ಕತೆ ಇದು: 1870ರ ದಶಕದ ಒಂದು ದಿನ ಬ್ಯಾಡ್ಮಿಂಟನ್ ಹೌಸಿನಲ್ಲಿ ಔತಣಕೂಟ. ಹೊರಗೆ ಮಳೆ. ಭಾರತದಿಂದ ರಜೆ ಮೇಲೆ ಬಂದ ಸೇನಾಧಿಕಾರಿಗಳು ಬೇಸರ ಕಳೆಯಲು ಹಜಾರದಲ್ಲಿ ಹಗ್ಗ ಕಟ್ಟಿ ಆಡಿದರು, ಆಟ ಹುಟ್ಟಿತು. ಕೇಳಲು ಚೆಂದವಾಗಿದೆ, ಚೆಂದ ಸ್ವಲ್ಪ ಜಾಸ್ತಿಯೇ ಆಯಿತು. ಯಾಕೆಂದರೆ ಲಂಡನ್ನಿನ ಆಟಿಕೆ ವ್ಯಾಪಾರಿ ಐಸಾಕ್ ಸ್ಪ್ರಾಟ್ ಎಂಬಾತ 1860ರಲ್ಲೇ ‘ಬ್ಯಾಡ್ಮಿಂಟನ್ ಬ್ಯಾಟಲ್‌ಡೋರ್’ ಎಂಬ ಹೊಸ ಆಟದ ಬಗ್ಗೆ ಕಿರುಹೊತ್ತಗೆಯೊಂದನ್ನು ಹೊರತಂದಿದ್ದ. ಅದರ ಪ್ರತಿ ಒಂದೂ ಉಳಿದಿಲ್ಲ. ಹೆಸರು ಉಳಿದಿದೆ, ಅಷ್ಟು ಸಾಕು. ಔತಣದ ಮಳೆಗಿಂತ ಮೊದಲೇ ಆ ಮನೆಯ ಹೆಸರು ಆಟಕ್ಕೆ ಅಂಟಿಕೊಂಡಿತ್ತು. ನನ್ನ ಅನುಮಾನ, ಒಂದು ಸಂಜೆಯಲ್ಲಿ ಯಾವ ಆಟವೂ ಹುಟ್ಟುವುದಿಲ್ಲ. ಮಕ್ಕಳು ಕಾಲಾಂತರದಿಂದ ಆಡುತ್ತಿದ್ದುದಕ್ಕೆ ದೊಡ್ಡವರು ನಡುವೆ ಒಂದು ಹಗ್ಗ ಕಟ್ಟಿದರು, ಎದುರಿಗಿದ್ದ ಜೊತೆಗಾರ ಎದುರಾಳಿಯಾದ. ಅದಕ್ಕೆ ತಾರೀಖು ಹುಡುಕುವುದು ವ್ಯರ್ಥ.

ಆಟಕ್ಕೆ ಕಟ್ಟುಕಟ್ಟಳೆ ಬಂದದ್ದು ಮಾತ್ರ ನಮ್ಮ ನೆಲದಲ್ಲಿ. ಪುಣೆ ಮತ್ತು ಅದರ ಪಕ್ಕದ ಖಡಕಿ ದಂಡುಪ್ರದೇಶದಲ್ಲಿದ್ದ ಬ್ರಿಟಿಷ್ ಅಧಿಕಾರಿಗಳು ಇದನ್ನು ಎಷ್ಟು ಆಡಿದರೆಂದರೆ ಆಟಕ್ಕೇ ‘ಪೂನಾ’ ಎಂಬ ಹೆಸರು ಬಿತ್ತು. 1870ರ ದಶಕದಲ್ಲಿ ಅಲ್ಲಿ ನಿಯಮಗಳು ರೂಪುಗೊಂಡವು. 1877ರಲ್ಲಿ ಕರಾಚಿಯಲ್ಲಿ ಅಚ್ಚಾದವು. ಆಗ ಒಂದು ಕಡೆಗೆ ಎಷ್ಟು ಜನ ಎಂಬುದಕ್ಕೂ ಖಚಿತ ಲೆಕ್ಕವಿರಲಿಲ್ಲ. ಇಬ್ಬರಾದರೂ ಸೈ, ಮೂವರು ನಾಲ್ವರಾದರೂ ಸೈ. ಕ್ಲಬ್ಬಿನ ಹುಲ್ಲುಹಾಸಿನ ಮೇಲೆ ಗಂಡಸರು ಹೆಂಗಸರು ಸೇರಿ ಸಂಜೆ ಆಡುವ ಆಟ. ಬೀಸುಗಾಳಿಗೆ ಬಿಚ್ಚಿಟ್ಟ ಬಯಲು.

ಗಾಳಿಯ ಈ ಸಮಸ್ಯೆಗೆ ದಕ್ಷಿಣದವರು ಬೇರೆಯೇ ಉತ್ತರ ಕಂಡುಕೊಂಡಿದ್ದರು. ತಂಜಾವೂರಿನ ರಾಜಮನೆತನದವರು 1856ರ ಹೊತ್ತಿಗೇ ಗರಿಯ ಬದಲು ಉಲ್ಲನ್ ದಾರ ಸುತ್ತಿದ ಚೆಂಡಿನಲ್ಲಿ ಆಡುತ್ತಿದ್ದರು ಎನ್ನುತ್ತಾರೆ. ಗಾಳಿಯೋ ತೇವವೋ ಇದ್ದರೆ ಪುಣೆಯ ಕಡೆಯ ದೊರೆಗಳೂ ಉಲ್ಲನ್ ಚೆಂಡಿಗೇ ಮೊರೆಹೋಗುತ್ತಿದ್ದರು. ಅದೇ ನಾವು ಬಾಲ್ ಬ್ಯಾಡ್ಮಿಂಟನ್ ಎಂದು ಕರೆಯುವ ಆಟ. ಅಲ್ಲಿಗೆ ದಾರಿ ಎರಡಾಯಿತು. ಒಂದು ಆಟ ಗಾಳಿಗೆ ಹೆದರಿ ಮನೆಯೊಳಗೆ ಹೋಯಿತು, ಇನ್ನೊಂದು ಚೆಂಡು ಬದಲಿಸಿಕೊಂಡು ಬಯಲಲ್ಲೇ ನಿಂತಿತು. ಬಯಲಲ್ಲಿ ನಿಂತದ್ದರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಒಳಗೆ ಹೋದದ್ದು ಹಡಗು ಹತ್ತಿತು. ಭಾರತದಿಂದ ಮರಳಿದ ಅಧಿಕಾರಿಗಳು 1875ರ ಹೊತ್ತಿಗೆ ಇಂಗ್ಲೆಂಡಿನ ಫೋಕ್‌ಸ್ಟನ್‌ನಲ್ಲಿ ಕ್ಲಬ್ ಶುರುಮಾಡಿದರು. ಆಗಿನ ಕೋರ್ಟಿನ ಆಕಾರ ಕೇಳಿದರೆ ಈಗಿನವರಿಗೆ ನಗು ಬರಬಹುದು: ಎರಡು ತುದಿಯಲ್ಲಿ ಅಗಲ, ನಡುವೆ ನೆಟ್ಟಿನ ಹತ್ತಿರ ಸೊಂಟ ಹಿಂಡಿದ ಹಾಗೆ ಕಿರಿದು, ಥೇಟ್ ಡಮರುಗ. ಯಾಕೆ ಹಾಗೆ? ಆಡುತ್ತಿದ್ದ ಹಜಾರದ ಎರಡೂ ಪಕ್ಕದಲ್ಲಿ ಒಳಕ್ಕೆ ತೆರೆಯುವ ಬಾಗಿಲುಗಳಿದ್ದವು, ಆಟದ ನಡುವೆ ಜನ ಓಡಾಡಲು ಜಾಗ ಬಿಡಬೇಕಿತ್ತು ಎಂದು ಒಂದು ವಿವರಣೆ. ನನಗೆ ಇದು ಪೂರ್ತಿ ಒಪ್ಪಿಗೆಯಾಗಿಲ್ಲ. ಮೇಜರ್ ವಾಲ್ಟರ್ ವಿಂಗ್‌ಫೀಲ್ಡ್ 1874ರಲ್ಲಿ ಲಾನ್ ಟೆನಿಸ್ಸಿಗೆ ಪೇಟೆಂಟ್ ಪಡೆದಾಗ ಅವನ ಕೋರ್ಟೂ ಹೀಗೇ ಸೊಂಟ ಹಿಂಡಿದ್ದು. ಅದು ಹುಲ್ಲಿನ ಮೇಲೆ ಆಡುವ ಆಟ, ಅಲ್ಲಿ ಯಾವ ಬಾಗಿಲು? ಎರಡೂ ಆಟ ಒಂದೇ ಕಾಲದ ಒಂದೇ ಜನರ ಕೈಯಲ್ಲಿದ್ದವು, ಒಂದನ್ನು ನೋಡಿ ಇನ್ನೊಂದು ಎರವಲು ಪಡೆದಿರಬೇಕು. ಟೆನಿಸ್ 1877ರ ಮೊದಲ ವಿಂಬಲ್ಡನ್ ಹೊತ್ತಿಗೆ ಆಯತಾಕಾರಕ್ಕೆ ಬಂತು. ಬ್ಯಾಡ್ಮಿಂಟನ್ ಮಾತ್ರ ಹಟ ಹಿಡಿದು 1901ರವರೆಗೂ ಡಮರುಗವನ್ನೇ ಇಟ್ಟುಕೊಂಡಿತ್ತು.

ಬಾತ್ ಊರಿನ ಕ್ಲಬ್ಬಿನ ಜೆ.ಎಚ್.ಇ. ಹಾರ್ಟ್ 1887ರಲ್ಲಿ ಭಾರತದಿಂದ ಬಂದ ನಿಯಮಗಳನ್ನು ಇಂಗ್ಲೆಂಡಿಗೆ ಹೊಂದುವಂತೆ ತಿದ್ದಿ ಬರೆದ. 1893ರ ಸೆಪ್ಟೆಂಬರ್ 13ರಂದು ಪೋರ್ಟ್ಸ್‌ಮತ್‌ನ ಸೌತ್‌ಸೀಯಲ್ಲಿ ‘ಡನ್‌ಬಾರ್’ ಎಂಬ ಮನೆಯಲ್ಲಿ ಸಭೆ ಸೇರಿ ಬ್ಯಾಡ್ಮಿಂಟನ್ ಅಸೋಸಿಯೇಷನ್ ಕಟ್ಟಿದರು. ಅಧ್ಯಕ್ಷ ಕರ್ನಲ್ ಡಾಲ್ಬಿ, ಅವನೂ ಸೇನೆಯವನೇ. ಆ ಮನೆಯ ಗೋಡೆಯ ಮೇಲೆ ಈಗ ಒಂದು ಫಲಕ ಇದೆ. ಪುಣೆಯಲ್ಲೂ ಅಂಥದ್ದೊಂದು ಹಾಕಿದರೆ ಯಾರ ಗಂಟೂ ಹೋಗುವುದಿಲ್ಲ.

ಸೇನೆಯವರು ಕೊಟ್ಟ ಇನ್ನೊಂದು ವರ ಕವಾಯತು ಹಾಲುಗಳು. ಸ್ವಯಂಸೇವಕ ಪಡೆಗಳ ಅಭ್ಯಾಸಕ್ಕೆಂದು ಊರೂರಲ್ಲಿ ಕಟ್ಟಿದ್ದ ಎತ್ತರದ ಚಾವಣಿ, ನಡುವೆ ಕಂಬವಿಲ್ಲದ ದೊಡ್ಡ ಕಟ್ಟಡಗಳವು. ಸಂಜೆಗಳಲ್ಲಿ ಖಾಲಿ ಬಿದ್ದಿರುತ್ತಿದ್ದವು. ಮೊದಲ ಆಲ್ ಇಂಗ್ಲೆಂಡ್ ಪಂದ್ಯಾವಳಿ ನಡೆದದ್ದು 1899ರ ಏಪ್ರಿಲ್‌ನಲ್ಲಿ, ಲಂಡನ್ನಿನ ಬಕಿಂಗ್‌ಹ್ಯಾಂ ಗೇಟ್‌ನ ಲಂಡನ್ ಸ್ಕಾಟಿಷ್ ಡ್ರಿಲ್ ಹಾಲಿನಲ್ಲಿ. ಮೊದಲ ವರ್ಷ ಬರೀ ಡಬಲ್ಸ್: ಪುರುಷರದು, ಮಹಿಳೆಯರದು, ಮಿಶ್ರ. ಸಿಂಗಲ್ಸ್ ಸೇರಿಸಿದ್ದು ಮರುವರ್ಷ. ಮಹಿಳೆಯರು ಮೊದಲ ದಿನದಿಂದಲೇ ಕೋರ್ಟಿನಲ್ಲಿದ್ದರು ಎಂಬುದನ್ನು ಗಮನಿಸಿ. ವಿಂಬಲ್ಡನ್ನಿನಲ್ಲಿ ಅವರು ಏಳು ವರ್ಷ ಕಾಯಬೇಕಾಯಿತು. ಎಥೆಲ್ ಥಾಮ್ಸನ್ ಎಂಬಾಕೆ ಆಲ್ ಇಂಗ್ಲೆಂಡ್ ಸಿಂಗಲ್ಸನ್ನು ಐದು ಬಾರಿ ಗೆದ್ದು, ಮದುವೆಯಾಗಿ ಎಥೆಲ್ ಲಾರ್ಕೂಂ ಎಂದಾದ ಮೇಲೆ 1912ರಲ್ಲಿ ವಿಂಬಲ್ಡನ್ನನ್ನೂ ಗೆದ್ದಳು. ಒಳಾಂಗಣವೂ ಆಯಿತು, ಹೊರಾಂಗಣವೂ ಆಯಿತು.

ಇಂಥ ಎರಡು ಮೂರು ದೋಣಿಯ ಮೇಲೆ ಕಾಲಿಟ್ಟು ಮುಳುಗದವರು ಆ ಕಾಲದಲ್ಲಿ ಹಲವರಿದ್ದರು. ಎಲ್ಲರಿಗಿಂತ ಮಜವಾದ ಮನುಷ್ಯ ಸರ್ ಜಾರ್ಜ್ ಥಾಮಸ್. ಬ್ಯಾಡ್ಮಿಂಟನ್ನಿನಲ್ಲಿ ಈತ ಗೆದ್ದ ಆಲ್ ಇಂಗ್ಲೆಂಡ್ ಪ್ರಶಸ್ತಿಗಳು 21. ಜೊತೆಗೆ ಒಳ್ಳೆಯ ಟೆನಿಸ್ ಆಟಗಾರ. ಅದಕ್ಕೂ ಮಿಗಿಲಾಗಿ ಚೆಸ್ ಪಟು. ಹೇಸ್ಟಿಂಗ್ಸ್‌ನಲ್ಲಿ 1934–35ರ ಪಂದ್ಯಾವಳಿಯಲ್ಲಿ ಮಾಜಿ ವಿಶ್ವಚಾಂಪಿಯನ್ ಕಾಪಬ್ಲಾಂಕಾನನ್ನೇ ಸೋಲಿಸಿದ. ಅದೇ 1934ರಲ್ಲಿ ಒಂಬತ್ತು ಸದಸ್ಯ ಸಂಸ್ಥೆಗಳೊಂದಿಗೆ ಅಂತರರಾಷ್ಟ್ರೀಯ ಬ್ಯಾಡ್ಮಿಂಟನ್ ಫೆಡರೇಷನ್ ಶುರುವಾದಾಗ ಮೊದಲ ಅಧ್ಯಕ್ಷನೂ ಇವನೇ. ಆ ಒಂಬತ್ತರಲ್ಲಿ ಏಷ್ಯಾದ ದೇಶ ಒಂದೂ ಇರಲಿಲ್ಲ. ನಿಯಮ ಬರೆಸಿಕೊಂಡ ಭಾರತ ಕೂಡ 1936ರಲ್ಲಿ ಸೇರಿತು.

ದೇಶ ದೇಶಗಳ ಪುರುಷರ ತಂಡಗಳು ಸೆಣಸುವ, ಥಾಮಸ್ ಹೆಸರಿನ ಕಪ್ ಮಹಾಯುದ್ಧದ ದೆಸೆಯಿಂದ ಹಲವು ವರ್ಷ ಮುಂದಕ್ಕೆ ಹೋಗಿ 1949ರಲ್ಲಿ ನಡೆಯಿತು. ಇಂಗ್ಲೆಂಡಿನ ಪ್ರೆಸ್ಟನ್‌ನಲ್ಲಿ ನಡೆದ ಫೈನಲ್‌ನಲ್ಲಿ ಡೆನ್ಮಾರ್ಕನ್ನು 8–1ರಿಂದ ಬಡಿದು ಕಪ್ ಎತ್ತಿಕೊಂಡು ಹೋದದ್ದು ಮಲಯ. ಬ್ರಿಟಿಷರು ಎಲ್ಲೆಲ್ಲಿ ಆಟ ಬಿಟ್ಟುಬಂದಿದ್ದರೋ ಅಲ್ಲಿಂದಲೇ ಉತ್ತರ ಬಂತು. ಆಮೇಲಿನದು ಎಲ್ಲರಿಗೂ ಗೊತ್ತು. ಇಂಡೋನೇಷ್ಯಾ 1958ರಲ್ಲಿ ಗೆದ್ದಿತು, ರೂಡಿ ಹಾರ್ಟೊನೊ ಎಂಟು ಸಲ ಆಲ್ ಇಂಗ್ಲೆಂಡ್ ಚಾಂಪಿಯನ್ ಆದ, ಚೀನಾ ಬಂತು, 1992ರ ಬಾರ್ಸಿಲೋನಾದಲ್ಲಿ ಒಲಿಂಪಿಕ್ಸ್ ಬಾಗಿಲು ತೆರೆಯಿತು. ಪಟ್ಟಿ ಉದ್ದವಿದೆ, ಇಲ್ಲಿ ಬಿಚ್ಚುವುದಿಲ್ಲ.

ಒಂದು ಹೆಸರನ್ನು ಮಾತ್ರ ದಾಟಿ ಹೋಗಲು ಮನಸ್ಸಾಗುವುದಿಲ್ಲ. ಲಾಹೋರಿನ ಪ್ರಕಾಶ್ ನಾಥ್. 1947ರಲ್ಲಿ, ಯುದ್ಧ ಮುಗಿದ ಮೇಲಿನ ಮೊದಲ ಆಲ್ ಇಂಗ್ಲೆಂಡಿಗೆ ಇವರು ಮತ್ತು ಇವರ ಡಬಲ್ಸ್ ಜೊತೆಗಾರ ದೇವೀಂದರ್ ಮೋಹನ್ ಹೋದರು. ಡ್ರಾ ಹೇಗೆ ಬಿತ್ತೆಂದರೆ ಇಬ್ಬರೂ ಒಬ್ಬರಿಗೊಬ್ಬರು ಎದುರಾಗಬೇಕಾಯಿತು. ಆಡಿ ದಣಿಯುವುದು ಬೇಡವೆಂದು ನಾಣ್ಯ ಚಿಮ್ಮಿದರು, ಪ್ರಕಾಶ್ ನಾಥ್ ಮುಂದಕ್ಕೆ ಹೋದರು, ಫೈನಲ್ ಮುಟ್ಟಿದರು. ಫೈನಲ್ ದಿನ ಕೈಗೆ ಸಿಕ್ಕ ಪತ್ರಿಕೆಯಲ್ಲಿ ಲಾಹೋರ್ ಹೊತ್ತಿ ಉರಿಯುತ್ತಿರುವ ಸುದ್ದಿ. ಮನೆಯವರು ಎಲ್ಲಿದ್ದಾರೋ ಹೇಗಿದ್ದಾರೋ ತಿಳಿಯದೆ ಕೋರ್ಟಿಗಿಳಿದರು. ಸ್ವೀಡನ್ನಿನ ಕಾನಿ ಯೆಪ್ಸೆನ್ ಎದುರು ಸೋತರು. ದೇಶ ಒಡೆದ ಮೇಲೆ ಊರು ಬಿಟ್ಟು ಮುಂಬಯಿಗೆ ಬಂದರು. ಬ್ಯಾಟನ್ನು ಹಾಗೇ ಬದಿಗಿಟ್ಟರು. ಭಾರತೀಯನೊಬ್ಬ ಆ ಪ್ರಶಸ್ತಿ ಗೆಲ್ಲಲು ಇನ್ನೂ 33 ವರ್ಷ ಬೇಕಾಯಿತು. ಗೆದ್ದವರ ಹೆಸರೂ ಪ್ರಕಾಶ್.

ಪ್ರಕಾಶ್ ಪಡುಕೋಣೆ ಅವರ ಕತೆ ಕನ್ನಡಿಗರಿಗೆ ಹೊಸದೇನಲ್ಲ, ಆದರೆ ಅವರು ಕಲಿತ ಜಾಗದ ಬಗ್ಗೆ ಹೇಳಲೇಬೇಕು. ಮಲ್ಲೇಶ್ವರದ ಕೆನರಾ ಯೂನಿಯನ್. ಅದು ಮದುವೆ ಹಾಲು. 1960ರ ದಶಕದ ಬೆಂಗಳೂರಿನಲ್ಲಿ ಬ್ಯಾಡ್ಮಿಂಟನ್ನಿಗೆಂದೇ ಕಟ್ಟಿದ ಒಳಾಂಗಣ ಎಲ್ಲಿತ್ತು? ತಂದೆ ರಮೇಶ್ ಪಡುಕೋಣೆ ಮೈಸೂರು ಬ್ಯಾಡ್ಮಿಂಟನ್ ಸಂಸ್ಥೆಯ ಕಾರ್ಯದರ್ಶಿ. ಅಪ್ಪನ ಹಿಂದೆ ಹೋದ ಹುಡುಗ, ದೊಡ್ಡವರ ಆಟ ಮುಗಿಯುವುದನ್ನೇ ಕಾದು ಕೋರ್ಟಿಗಿಳಿಯುತ್ತಿದ್ದ. ಮದುವೆ ಇದ್ದ ದಿನ ಆಟವಿಲ್ಲ. ಅಂದರೆ ನಮ್ಮ ದೇಶದ ಅತ್ಯುತ್ತಮ ಆಟಗಾರನ ಅಭ್ಯಾಸದ ವೇಳಾಪಟ್ಟಿಯನ್ನು ನಿಗದಿಮಾಡುತ್ತಿದ್ದುದು ಒಂಟಿಕೊಪ್ಪಲ್ ಪಂಚಾಂಗ! ಮಾಘ, ವೈಶಾಖ ಬಂದರೆ ಹುಡುಗನಿಗೆ ರಜೆ, ಆಷಾಢ ಬಂದರೆ ಹಾಲು ಖಾಲಿ. ಹೊರಗೆ ಗಾಳಿ ಬೀಸುವ ತಿಂಗಳೇ ಒಳಗೆ ಜಾಗ ಸಿಗುವ ತಿಂಗಳು. ಈ ಹೊಂದಾಣಿಕೆ ನೆನೆದಾಗಲೆಲ್ಲ ನನಗೆ ನಗು ಬರುತ್ತದೆ.

1962ರ ರಾಜ್ಯ ಜೂನಿಯರ್ ಪಂದ್ಯಾವಳಿಯಲ್ಲಿ ಮೊದಲ ಸುತ್ತಲ್ಲೇ ಸೋತರು, ಎರಡು ವರ್ಷದಲ್ಲಿ ಅದನ್ನೇ ಗೆದ್ದರು. 1971ರಲ್ಲಿ, ಹದಿನಾರಕ್ಕೆ, ರಾಷ್ಟ್ರೀಯ ಚಾಂಪಿಯನ್. ಅಲ್ಲಿಂದ ಸತತ ಒಂಬತ್ತು ವರ್ಷ ಆ ಪಟ್ಟ ಬೇರೆಯವರಿಗೆ ಸಿಗಲಿಲ್ಲ. 1980ರ ಮಾರ್ಚ್ 23ರಂದು ವೆಂಬ್ಲಿಯಲ್ಲಿ ಎದುರಿಗಿದ್ದವನು ಹಿಂದಿನ ಎರಡು ವರ್ಷದ ಚಾಂಪಿಯನ್, ಹಾರಿ ಸ್ಮ್ಯಾಶ್ ಹೊಡೆಯುವುದಕ್ಕೆ ಹೆಸರಾದ ಇಂಡೋನೇಷ್ಯಾದ ಲಿಯೆಮ್ ಸ್ವೀ ಕಿಂಗ್. ಪ್ರಕಾಶ್ ಅವನ ವೇಗಕ್ಕೆ ವೇಗ ಕೊಡಲಿಲ್ಲ. ಆಟವನ್ನು ನಿಧಾನ ಮಾಡಿದರು. ಸ್ಮ್ಯಾಶ್ ಬರುತ್ತದೆ ಎಂದುಕೊಂಡ ಕಡೆ ಅರ್ಧ ಸ್ಮ್ಯಾಶ್, ಎತ್ತುತ್ತಾರೆ ಎಂದುಕೊಂಡ ಕಡೆ ನೆಟ್ಟಿಗೆ ಅಂಟಿದ ಡ್ರಾಪ್. 15–3, 15–10. ಆಗ ಸರ್ವಿಸ್ ಇದ್ದವರಿಗೆ ಮಾತ್ರ ಅಂಕ ಸಿಗುತ್ತಿದ್ದ ಕಾಲ. ಮೊದಲ ಗೇಮಿನಲ್ಲಿ ಕಿಂಗ್‌ಗೆ ದಕ್ಕಿದ್ದು ಬರೀ ಮೂರು.

ಗೆದ್ದ ಮೇಲೆ ಅವರು ನೆಲೆಸಿದ್ದು ಕೋಪನ್‌ಹೇಗನ್ನಿನಲ್ಲಿ, ಅಲ್ಲಿನ ಕ್ಲಬ್ಬಿಗಾಗಿ ಆಡಿದರು. ಐವತ್ತು ಲಕ್ಷದಷ್ಟು ಜನರಿದ್ದ ಡೆನ್ಮಾರ್ಕ್ ಈ ಆಟದಲ್ಲಿ ಏಷ್ಯಾದ ದೈತ್ಯರ ಎದುರು ನಿಲ್ಲುವುದು ಹೇಗೆ ಎಂದು ನಾನು ಬಹಳ ದಿನ ಯೋಚಿಸಿದ್ದುಂಟು. ಪ್ರತಿಭೆ, ತರಬೇತಿ ಎಲ್ಲ ಇದ್ದದ್ದೇ. ಆದರೆ ಆರು ತಿಂಗಳು ಹೊರಗೆ ಕಾಲಿಡಲಾಗದ ಚಳಿಗಾಳಿಯ ದೇಶದಲ್ಲಿ ಬಡಾವಣೆಗೊಂದು ಹಾಲು, ಹಾಲಿಗೊಂದು ಕ್ಲಬ್ಬು ಇರುತ್ತದೆ. ಸೂರು ಇರುವ ಕಡೆ ಈ ಆಟ ಬೆಳೆಯುತ್ತದೆ. 1994ರಲ್ಲಿ ಪ್ರಕಾಶ್ ಬೆಂಗಳೂರಿನಲ್ಲಿ ವಿಮಲ್ ಕುಮಾರ್ ಮೊದಲಾದವರೊಂದಿಗೆ ಅಕಾಡೆಮಿ ತೆರೆದರು. ಅಲ್ಲಿ ಪಳಗಿದ ಪುಲ್ಲೇಲ ಗೋಪಿಚಂದ್ 2001ರಲ್ಲಿ ಆಲ್ ಇಂಗ್ಲೆಂಡ್ ಗೆದ್ದರು, ಅಲ್ಲೇ ಬೆಳೆದ ಲಕ್ಷ್ಯ ಸೇನ್ 2022ರ ಮೇ 15ರಂದು ಬ್ಯಾಂಕಾಕಿನಲ್ಲಿ ಇಂಡೋನೇಷ್ಯಾ ವಿರುದ್ಧದ ಥಾಮಸ್ ಕಪ್ ಫೈನಲ್ಲಿನ ಮೊದಲ ಪಂದ್ಯ ಗೆದ್ದುಕೊಟ್ಟರು. ಆ ದಿನ ಭಾರತ 3–0. ಪುಣೆಯ ಹುಲ್ಲುಹಾಸಿನಿಂದ ಅಲ್ಲಿಗೆ ಬರಲು ಹೆಚ್ಚುಕಡಿಮೆ ನೂರೈವತ್ತು ವರ್ಷ.

ಇವತ್ತಿನ ಬೆಂಗಳೂರಿನಲ್ಲಿ ಸೂರಿಗೆ ಬರವಿಲ್ಲ. ಖಾಲಿ ಸೈಟು ಕಂಡ ಕಡೆ ತಗಡಿನ ಶೀಟು ಹೊದಿಸಿ, ಹಸಿರು ಮ್ಯಾಟ್ ಹಾಸಿ, ಗಂಟೆ ಲೆಕ್ಕದಲ್ಲಿ ಮೊಬೈಲಿನಲ್ಲೇ ಬುಕ್ ಮಾಡಿಸಿಕೊಳ್ಳುತ್ತಾರೆ. ಬೆಳಿಗ್ಗೆ ಆರರ ಸ್ಲಾಟಿಗೆ ಜನ ರಾತ್ರಿಯೇ ಕಾದು ಕೂರುತ್ತಾರೆ. ಬೇಸಿಗೆಯಲ್ಲಿ ಒಳಗೆ ಬೆವರು ಧಾರೆ, ಆದರೂ ಫ್ಯಾನ್ ಹಾಕುವ ಹಾಗಿಲ್ಲ. ಮೊನ್ನೆ ಹೊಸ ಹುಡುಗನೊಬ್ಬ ಪಾಪ ಫ್ಯಾನಿನ ಸ್ವಿಚ್ ಒತ್ತಿದ. ನಾಲ್ಕು ಕೋರ್ಟಿನಿಂದಲೂ ಏಕಕಾಲಕ್ಕೆ ‘ಏ! ಆಫ್ ಮಾಡಪ್ಪಾ!’ ಎಂಬ ಕೂಗೆದ್ದಿತು. ಮಳೆಗಾಲ ಹತ್ತಿರ ಬಂದು ಶೀಟಿನ ಸಂದಿಯಿಂದ ಗಾಳಿ ನುಗ್ಗಿದಾಗ ನಮ್ಮ ಹಿರಿಯರು, ‘ಇವತ್ತು ಆ ಕಡೆ ತಗೊಳ್ಳಿ ಸಾರ್, ಈ ಕಡೆಯಿಂದ ಎತ್ತಿದ್ದೆಲ್ಲ ಹೊರಗೆ ಹೋಗ್ತದೆ’ ಎಂದು ಎಚ್ಚರಿಸುತ್ತಾರೆ. ಕೋಟಿಗಟ್ಟಲೆ ಸುರಿದು ಕಟ್ಟಿದ ಕ್ರೀಡಾಂಗಣಗಳಲ್ಲೂ ಇದೇ ಗೋಳು, ಅಲ್ಲಿ ಎ.ಸಿ. ಗಾಳಿ. ಟಾಸ್ ಗೆದ್ದ ದೊಡ್ಡ ದೊಡ್ಡ ಆಟಗಾರರು ಸರ್ವಿಸ್ ಬಿಟ್ಟು ಬದಿ ಆರಿಸಿಕೊಳ್ಳುವುದನ್ನು ನೋಡಿರುತ್ತೀರಿ. ಅವರು ಅದನ್ನು ‘ಡ್ರಿಫ್ಟ್’ ಎನ್ನುತ್ತಾರೆ. ನಮ್ಮ ಬೀದಿಯ ‘ಗಾಳಿ ಕಡೆ’ಯೇ ಅದು, ಸೂಟು ಹಾಕಿಕೊಂಡಿದೆ.

ಇಷ್ಟೆಲ್ಲ ಆದ ಮೇಲೆ 2019ರ ಮೇ ತಿಂಗಳಲ್ಲಿ ಚೀನಾದ ಗ್ವಾಂಗ್‌ಝೌನಲ್ಲಿ ವಿಶ್ವ ಬ್ಯಾಡ್ಮಿಂಟನ್ ಫೆಡರೇಷನ್ ಒಂದು ಹೊಸ ಆಟವನ್ನು ಲೋಕಾರ್ಪಣೆ ಮಾಡಿತು. ಹೆಸರು ಏರ್‌ಬ್ಯಾಡ್ಮಿಂಟನ್. ಬಯಲಲ್ಲಿ ಆಡುವುದು, ಹುಲ್ಲಾಗಲಿ ಮರಳಾಗಲಿ ಸಿಮೆಂಟಾಗಲಿ. ಗಾಳಿಗೆ ಸುಲಭಕ್ಕೆ ತೂರಿಹೋಗದಂತೆ ವಿಶೇಷವಾಗಿ ತಯಾರಿಸಿದ ಶಟಲ್. ಸಿಂಗಲ್ಸ್ ಡಬಲ್ಸ್ ಅಲ್ಲದೆ ಮೂರು ಮೂರು ಜನರ ಆಟವೂ ಉಂಟು. ಬಡವರಿಗೂ ಹಾಲಿಲ್ಲದ ಊರುಗಳಿಗೂ ಆಟ ತಲುಪಲಿ ಎಂಬುದು ಉದ್ದೇಶ. ಒಳ್ಳೆಯದೇ.

ಆದರೆ ನನಗೆ ಕೊಂಚ ಹೊಟ್ಟೆಯುರಿ. ಈ ಪ್ರಶ್ನೆಗೆ ಉತ್ತರ ಬರೆದಿಟ್ಟು ಒಂದೂವರೆ ಶತಮಾನ ಮೀರಿದೆ, ಯಾರೂ ಪುಟ ತಿರುವಲಿಲ್ಲ. ಬಾಲ್ ಬ್ಯಾಡ್ಮಿಂಟನ್ನಿನ ಹಳದಿ ಉಲ್ಲನ್ ಚೆಂಡಿನ ತೂಕ 27ರಿಂದ 30 ಗ್ರಾಂ, ಅಂದರೆ ಐದಾರು ಶಟಲ್‌ಗಳಷ್ಟು. ಗಾಳಿ ಅದನ್ನು ಅಲುಗಿಸಲಾರದು. 24 ಮೀಟರ್ ಉದ್ದ, 12 ಮೀಟರ್ ಅಗಲದ ಮಣ್ಣಿನ ಅಂಕಣ, ಬದಿಗೆ ಐದೈದು ಜನ. ಭಾರತದ ಫೆಡರೇಷನ್ 1954ರಿಂದ ಇದೆ. ತಮಿಳುನಾಡು, ಆಂಧ್ರ, ಕರ್ನಾಟಕದಲ್ಲಿ ಒಂದು ಕಾಲಕ್ಕೆ ಕಾಲೇಜು ಕಾಲೇಜಿಗೂ ತಂಡ ಇತ್ತು. ಬಡಾವಣೆಯ ಮೈದಾನದ ಮೂಲೆಯಲ್ಲಿ ಎರಡು ಕಂಬ ನೆಟ್ಟು, ಸಂಜೆ ನೀರು ಚಿಮುಕಿಸಿ ಧೂಳು ಕೂರಿಸಿ ಆಡುತ್ತಿದ್ದವರನ್ನು ನೋಡುತ್ತಲೇ ನಾವು ಬೆಳೆದದ್ದು. ಮುಂದೆ ನಿಂತವನು ಬಗ್ಗಿ ಕಟ್ ಮಾಡುತ್ತಾನೆ, ಉಲ್ಲನ್ ಬ್ಯಾಟಿನ ತಂತಿಗೆ ಉಜ್ಜಿಕೊಂಡು ಚೆಂಡು ಗಿರ್ರನೆ ತಿರುಗುತ್ತಾ ನೆಟ್ಟು ದಾಟಿದೊಡನೆ ಕೆಳಗಿಳಿಯುತ್ತದೆ. ಅದನ್ನು ಎತ್ತಲು ಎದುರಿನವನು ಮಣ್ಣಿಗೇ ಬೀಳಬೇಕು. ಆಟ ಮುಗಿದಾಗ ಬಿಳಿ ಬನಿಯನ್ನು ಕೆಂಪಗಾಗಿರುತ್ತಿತ್ತು. ಈ ಆಟಗಾರರಿಗೂ 1970ರ ದಶಕದಲ್ಲಿ ಅರ್ಜುನ ಪ್ರಶಸ್ತಿ ಕೊಡುತ್ತಿದ್ದರು. ಈಗ ಆ ಚೆಂಡು ಕೇಳಿಕೊಂಡು ಅಂಗಡಿಗೆ ಹೋದರೆ ಹುಡುಗ ಟೆನಿಸ್ ಬಾಲ್ ತಂದು ಕೈಗಿಡುತ್ತಾನೆ.

ನಮ್ಮ ಹಿರಿಯರ ಹತ್ತಿರ ಹಳೆಯದೊಂದು ಮರದ ಬ್ಯಾಟು ಇನ್ನೂ ಇದೆಯಂತೆ, ಬಾಲ್ ಬ್ಯಾಡ್ಮಿಂಟನ್ನಿನದು, ಬ್ಯಾಂಕಿನ ತಂಡಕ್ಕೆ ಆಡುತ್ತಿದ್ದ ಕಾಲದ್ದು. ಅವರಿಗೆ ಏರ್‌ಬ್ಯಾಡ್ಮಿಂಟನ್ ವಿಡಿಯೊ ತೋರಿಸಿದೆ. ಮರಳಿನ ಮೇಲೆ ಮೂರು ಮೂರು ಜನ ಆಡುವುದನ್ನು ಎರಡು ನಿಮಿಷ ನೋಡಿ, ಕನ್ನಡಕ ಹಣೆಗೇರಿಸಿ, ‘ಇನ್ನಿಬ್ಬರು ಎಲ್ಲಿ ಹೋದ್ರಪ್ಪಾ?’ ಎಂದರು.